ಪಾತ್ರೆ ಇಲ್ಲದ ಮುಚ್ಚಳಗಳು

ದೆವ್ವ ಎಂದರೆ ನಗುವ ಮನೆಯಲ್ಲಿ ಬೆಳೆದವಳು ನಾನು. ಕುಣಿಗಲ್‌ನಲ್ಲಿ ನಮ್ಮಪ್ಪ ಲೈನ್‌ಮನ್ ಆಗಿದ್ದರು. ಮಳೆ ಗಾಳಿ ಎನ್ನದೆ ಕೆರೆ ಏರಿ, ಸ್ಮಶಾನ, ಹುಣಸೆ ತೋಪು ಎಲ್ಲ ಕಡೆಯೂ ಕಂಬ ಹತ್ತಿ ಇಳಿದವರು. ‘ನನ್ನ ಸರ್ವೀಸ್‌ನಾಗೆ ಕರೆಂಟ್ ಹೊಡೆದದ್ದುಂಟು, ದೆವ್ವ ಹೊಡೆದದ್ದಿಲ್ಲ’ ಎನ್ನುತ್ತಿದ್ದರು. ನಾನೂ ಅದನ್ನೇ ಹೇಳಿಕೊಂಡು ತಿರುಗಿದೆ. ಯಾರಾದರೂ ಮೈಮೇಲೆ ಬಂತು, ಗಾಳಿ ಸೋಕಿತು ಎಂದರೆ ಅವರ ಮುಖದ ಮೇಲೆಯೇ ನಕ್ಕು ಬೈಸಿಕೊಂಡಿದ್ದೇನೆ. ಈಗ ಹೇಳಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೆ ಬೇಜಾರಿಲ್ಲ. ಪೂರ್ತಿ ಓದಿ ಆಮೇಲೆ ನಗಿ, ಅಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಗುಬ್ಬಿಗೆ ಸೊಸೆಯಾಗಿ ಬಂದೆ. ಹೆಂಚಿನ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರಾಚೆ ಅಡುಗೆಮನೆ. ಮನೆಯಲ್ಲಿ ಇದ್ದವರು ಅತ್ತೆ, ಅವರ ಹಿರಿಮಗ ನಂಜುಂಡ, ಅವರ ಹೆಂಡತಿ ಸರೋಜಕ್ಕ, ಮತ್ತೆ ಕಿರಿಮಗ ಲೋಕೇಶ್, ಅಂದರೆ ನನ್ನ ಗಂಡ. ಇವರು ದಿನಾ ಬೆಳಿಗ್ಗೆ ರೈಲು ಹಿಡಿದು ತುಮಕೂರಿಗೆ ಹೋಗಿ ಮೋಟಾರು ವೈಂಡಿಂಗ್ ಅಂಗಡಿಯಲ್ಲಿ ಕೆಲಸ ಮಾಡಿ ಸಂಜೆ ಬರುತ್ತಿದ್ದರು. ನಂಜುಂಡ ಭಾವ ಲಾರಿ ಡ್ರೈವರ್ ಆಗಿದ್ದವರು. ಒಮ್ಮೆ ಲಾರಿಯಿಂದ ಬಿದ್ದು ಎಡಗಾಲು ಮುರಿದು, ಅದು ನೆಟ್ಟಗೆ ಕೂಡದೆ, ಆಮೇಲೆ ಆ ಕಾಲನ್ನು ಎಳೆದುಕೊಂಡೇ ನಡೆಯುತ್ತಿದ್ದರು. ಕೆಲಸವೂ ಹೋಗಿತ್ತು. ಮನೆ ನಡೆಯುತ್ತಿದ್ದದ್ದು ಇವರ ಸಂಬಳದಲ್ಲಿ ಮತ್ತು ಸರೋಜಕ್ಕ ಹೊಸೆಯುತ್ತಿದ್ದ ಊದುಬತ್ತಿಯಲ್ಲಿ.

ಮದುವೆಯಾಗಿ ಬಂದ ಹೊಸದರಲ್ಲಿ ಅಡುಗೆಮನೆಯ ಗೂಡಿನಲ್ಲಿ ಸಾಲಾಗಿ ಒರಗಿಸಿಟ್ಟಿದ್ದ ಹಿತ್ತಾಳೆ ಮುಚ್ಚಳಗಳನ್ನು ನೋಡಿದೆ. ದೊಡ್ಡದು, ಚಿಕ್ಕದು, ಎಲ್ಲ ಇದ್ದವು. ಮನೆಯಲ್ಲಿ ಮಾತ್ರ ಹಿತ್ತಾಳೆಯ ಒಂದು ಪಾತ್ರೆಯೂ ಇರಲಿಲ್ಲ, ಬರೀ ಅಲ್ಯೂಮಿನಿಯಂ. ‘ಇವುಗಳ ಪಾತ್ರೆ ಎಲ್ಲಕ್ಕ?’ ಎಂದು ಕೇಳಿದೆ. ಒಲೆ ಊದುತ್ತಿದ್ದ ಸರೋಜಕ್ಕ ತಿರುಗಿಯೂ ನೋಡದೆ ‘ನಿಮ್ಮ ಭಾವನ ಹೊಟ್ಟೇಲಿ’ ಎಂದರು.

ಭಾವನ ಕಥೆ ಹೊಸದೇನಲ್ಲ. ರಾತ್ರಿ ಗಾಡಿ ಓಡಿಸುವಾಗ ದಣಿವಿಗೆಂದು ಪ್ಯಾಕೆಟ್ ಸಾರಾಯಿ. ಆಮೇಲೆ ಕಾಲು ನೋವಿಗೆಂದು ಸಾರಾಯಿ. ಆಮೇಲೆ ಅದು ಸಾಲದೆ ಅದರ ಜೊತೆಗೆ ನಿದ್ದೆ ಮಾತ್ರೆ. ಲಿವರ್ ಕೆಟ್ಟಿದೆ, ಇನ್ನೊಂದು ಪ್ಯಾಕೆಟ್ ಕುಡಿದರೆ ಕರೆದುಕೊಂಡು ಬರಬೇಡಿ ಎಂದು ಡಾಕ್ಟರು ಬೈದು ಕಳಿಸಿದ ಮೇಲೆ ಭಾವ ನಿಜವಾಗಿಯೂ ಸಾರಾಯಿ ಬಿಟ್ಟರು. ಮನೆಯಲ್ಲಿ ಎಲ್ಲರಿಗೂ ಸಂತೋಷವಾಯಿತು. ಅವರು ಅದರ ಬದಲು ಕೆಮ್ಮಿನ ಸಿರಪ್ ಹಿಡಿದಿದ್ದರು. ಒಂದು ಬಾಟಲಿಯನ್ನು ಒಂದೇ ಗುಟುಕಿಗೆ ಎತ್ತಿ, ಮೇಲೆ ಸಕ್ಕರೆ ಜಾಸ್ತಿ ಹಾಕಿದ ಟೀ ಕುಡಿದು, ಅರ್ಧ ಕಣ್ಣು ಮುಚ್ಚಿಕೊಂಡು ಜಗಲಿಯ ಮೇಲೆ ಕೂತರೆ ನೊಣ ಮುಖದ ಮೇಲೆ ಓಡಾಡಿದರೂ ಗೊತ್ತಾಗುತ್ತಿರಲಿಲ್ಲ.

ಅದಕ್ಕೆ ಕಾಸು ಬೇಕಲ್ಲ. ಸರೋಜಕ್ಕನ ತವರಿನವರು ಮದುವೆಗೆ ಕೊಟ್ಟ ತಪ್ಪಲೆ, ಡಬರಿ, ಹಂಡೆ ಒಂದೊಂದಾಗಿ ತುಮಕೂರಿನ ಶಿರಾ ಗೇಟ್ ಹತ್ತಿರದ ಹಳೇ ಹಿತ್ತಾಳೆ ಅಂಗಡಿ ಸೇರಿದವು. ಆದರೆ ಭಾವನಿಗೆ ಒಂದು ವಿಚಿತ್ರ ಅಭ್ಯಾಸವಿತ್ತು. ಪಾತ್ರೆ ಮಾತ್ರ ಒಯ್ಯುತ್ತಿದ್ದರು, ಮುಚ್ಚಳವನ್ನು ತೊಳೆದು ಗೂಡಿನಲ್ಲಿ ಇಡುತ್ತಿದ್ದರು. ಕೇಳಿದರೆ, ‘ಮುಚ್ಚಳ ಇಲ್ಲೇ ಐತಲ್ಲಮ್ಮಿ, ಪಾತ್ರೆ ಎಲ್ಲೋಯ್ತದೆ? ಇವತ್ತಲ್ಲ ನಾಳೆ ಬಿಡಿಸ್ಕಂಡು ಬರ್ತೀನಿ ಬುಡು’ ಎನ್ನುತ್ತಿದ್ದರು. ಹೇಳುವಾಗ ಅವರು ಅದನ್ನು ನಂಬಿಯೇ ಹೇಳುತ್ತಿದ್ದರು ಎಂದು ನನಗೆ ಅನಿಸುತ್ತಿತ್ತು. ಸರೋಜಕ್ಕನಿಗೆ ಆ ಮುಚ್ಚಳಗಳನ್ನು ನೋಡಿದರೆ ಮೈ ಉರಿಯುತ್ತಿತ್ತು, ಆದರೂ ಅವನ್ನು ಬಿಸಾಕಲಿಲ್ಲ.

ಅತ್ತೆಗೆ ಇದ್ಯಾವುದೂ ತಲೆಗೆ ಹೋಗುತ್ತಿರಲಿಲ್ಲ. ಸಾರಾಯಿ ಕೆಟ್ಟದ್ದು, ಔಷಧಿ ಒಳ್ಳೆಯದು. ಅವರ ಲೋಕದಲ್ಲಿ ಅಷ್ಟೇ ಇದ್ದದ್ದು. ಮಗ ಸಾರಾಯಿ ಬಿಟ್ಟು ಔಷಧಿ ಕುಡಿಯುತ್ತಿದ್ದಾನೆ, ಆದರೂ ಸೊಸೆ ಅವನನ್ನು ಬಿಡದೆ ಅರೆಯುತ್ತಿದ್ದಾಳೆ. ‘ಔಷ್ದಿ ಕುಡಿಯೋ ಗಂಡನ್ನ ಬೈಯೋ ಹೆಂಗಸ್ರನ್ನ ನಾನು ಎಲ್ಲೂ ಕಂಡಿಲ್ಲ ಕಣವ್ವ’ ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದರು. ಭಾವನ ಕಾಲು ನಡೆಯದ ದಿನ ತಾವೇ ಮೆಡಿಕಲ್ ಸ್ಟೋರಿಗೆ ಹೋಗಿ, ‘ನನ್ ಮಗನಿಗೆ ಕೆಮ್ಮು’ ಎಂದು ಸೆರಗಿನಲ್ಲಿ ಬಾಟಲಿ ಮುಚ್ಚಿಕೊಂಡು ಬರುತ್ತಿದ್ದರು. ಚಮಚದಲ್ಲಿ ಕೊಡಲು ಹೋಗುತ್ತಿದ್ದರು, ಭಾವ ಕಿತ್ತುಕೊಂಡು ಬಾಟಲಿಯಿಂದಲೇ ಕುಡಿಯುತ್ತಿದ್ದರು.

ಒಂದು ಸಲ ಸರೋಜಕ್ಕ ಹಟ ಹಿಡಿದು ಬಿಡಿಸಿಯೇ ಬಿಡುತ್ತೇನೆಂದು ನಡುಮನೆಯ ಕಂಬಕ್ಕೆ ಅವರನ್ನು ಕಟ್ಟಿಹಾಕಿದರು. ನನ್ನ ಗಂಡನೇ ಹಗ್ಗ ಬಿಗಿದದ್ದು. ಮೊದಲ ದಿನ ಭಾವ ಬೈದರು. ಎರಡನೆಯ ದಿನ ಮೂಗು, ಕಣ್ಣು ಎಲ್ಲ ಸೋರತೊಡಗಿತು, ಸೆಕೆಯಲ್ಲಿ ನಡುಗುತ್ತಿದ್ದರು, ಕೂತಲ್ಲೇ ಭೇದಿಯಾಯಿತು. ‘ಒಂದೇ ಒಂದು ಮುಚ್ಚಳದಷ್ಟು ಕೊಡೇ’ ಎಂದು ಹೆಂಡತಿಯ ಕಾಲಿಗೆ ಹಣೆ ಹಚ್ಚಿ ಅತ್ತರು. ಸರೋಜಕ್ಕ ಅವರ ಮುಂದೆಯೇ ಕೂತು ಊದುಬತ್ತಿ ಹೊಸೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. ಮೂರನೆಯ ಬೆಳಗ್ಗೆ ಎದ್ದು ನೋಡಿದರೆ ಹಗ್ಗ ಬಿಚ್ಚಿತ್ತು, ಭಾವ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರು, ಪಕ್ಕದಲ್ಲಿ ಖಾಲಿ ಬಾಟಲಿ ಬಿದ್ದಿತ್ತು. ‘ಹೆತ್ತ ಕರುಳು ಕಣಮ್ಮಿ, ನಿನಗೆಲ್ಲಿ ತಿಳೀತದೆ?’ ಎಂದರು ಅತ್ತೆ. ಮಕ್ಕಳಿಲ್ಲದ ಸೊಸೆಗೆ ಆ ಮಾತು ಹೇಳಿದರು.

ಅದಾದ ಮುಂದಿನ ಬೇಸಿಗೆಯಲ್ಲಿ ಭಾವ ತೀರಿಕೊಂಡರು. ಸಂತೆ ದಿನ, ಮುಚ್ಚಿದ್ದ ಅಂಗಡಿಯೊಂದರ ಮೆಟ್ಟಿಲ ಮೇಲೆ. ಮಲಗಿದ್ದಾರೆ ಎಂದುಕೊಂಡು ಜನ ಅವರನ್ನು ದಾಟಿಕೊಂಡೇ ತರಕಾರಿ ಕೊಂಡರಂತೆ. ಹೆಣ ಮನೆಗೆ ತಂದಾಗ ನನ್ನ ಗಂಡ ಅಣ್ಣನ ಎದೆಯ ಮೇಲೆ ಕೈಯಿಟ್ಟು ಗೋಳಾಡಿದರು. ‘ಇನ್ಮೇಲೆ ಮುಟ್ಟಲ್ಲ ಕಣಣ್ಣ, ನಿನ್ನಾಣೆ, ಇನ್ಮೇಲೆ ಮುಟ್ಟಲ್ಲ’ ಎಂದರು. ಸುತ್ತ ಅಳುತ್ತಿದ್ದವರಿಗೆ ಆ ಮಾತು ಕೇಳಿಸಿತೋ ಇಲ್ಲವೋ, ನನಗೆ ಕೇಳಿಸಿತು. ಅವರು ಏನನ್ನಾದರೂ ಮುಟ್ಟುತ್ತಾರೆ ಎಂದು ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಂದಿನಿಂದ ಅವರು ಬಾಗಿಲು ದಾಟಿ ಒಳಗೆ ಬಂದರೆ ಉಸಿರು ಮೂಸುವುದು, ಅಂಗಿ ಒಗೆಯುವ ನೆಪದಲ್ಲಿ ಜೇಬು ತಡಕುವುದು ನನ್ನ ಕೆಲಸವಾಯಿತು. ಏನೂ ಸಿಗಲಿಲ್ಲ. ಹೊತ್ತಿಗೆ ಸರಿಯಾಗಿ ಮನೆಗೆ ಬರುತ್ತಿದ್ದರು, ಸಂಬಳ ತಂದು ನನ್ನ ಕೈಗೇ ಕೊಡುತ್ತಿದ್ದರು. ಬದುಕಿದೆ ಎಂದುಕೊಂಡೆ.

ಆ ವರ್ಷದ ಪಕ್ಷದ ಹಬ್ಬ ಬಂತು. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವುದು ನಿಮಗೆ ಗೊತ್ತಿರಬಹುದು. ಸತ್ತವರ ಫೋಟೋ ಮುಂದೆ ಅವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಹೊಸ ಬಟ್ಟೆ ಇಟ್ಟು, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಕೂರಬೇಕು. ಹಿರಿಯರು ಬಂದು ಉಂಡು ಹೋಗುವಷ್ಟು ಹೊತ್ತು ಬಿಟ್ಟು, ಕೆಮ್ಮಿ ಸದ್ದು ಮಾಡಿ, ಆಮೇಲೆ ಬಾಗಿಲು ತೆಗೆಯಬೇಕು. ಕುಡಿಯುತ್ತಿದ್ದವರಿಗೆ ಕುಡಿಯುವುದನ್ನೂ ಇಡುತ್ತಾರೆ. ಇದ್ದಾಗ ಬಾಟಲಿ ಒಡೆದುಹಾಕಿದ ಹೆಂಡತಿಯೇ ಸತ್ತ ಮೇಲೆ ಬಾಟಲಿ ಇಟ್ಟು ಕೈಮುಗಿಯುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ನನಗೆ ಅದೆಲ್ಲ ತಮಾಷೆಯಾಗಿ ಕಾಣುತ್ತಿತ್ತು.

ಅತ್ತೆ ಸಾರಾಯಿ ಪ್ಯಾಕೆಟ್ ತರಿಸಿದರು. ಕೆಮ್ಮಿನ ಸಿರಪ್ಪನ್ನು ತಾವೇ ಹೋಗಿ ತಂದರು. ಸರೋಜಕ್ಕ ಬೇಡ ಎನ್ನಲಿಲ್ಲ. ಬೆಳಿಗ್ಗೆಯಿಂದ ಹುಣಸೆಹಣ್ಣು ಹಚ್ಚಿ ಆ ಮುಚ್ಚಳಗಳನ್ನೆಲ್ಲ ತಿಕ್ಕುತ್ತಿದ್ದರು. ಹಬ್ಬಕ್ಕೆಂದು ತೊಳೆಯುತ್ತಿದ್ದಾರೆ ಎಂದುಕೊಂಡೆ. ಸಾಯಂಕಾಲ ಎಡೆ ಬಡಿಸುವ ಹೊತ್ತಿಗೆ ಅವರು ಬಾಳೆಎಲೆಯನ್ನು ಮಡಚಿ ಬದಿಗಿಟ್ಟು, ಮುಚ್ಚಳಗಳನ್ನು ಅಂಗಾತ ಸಾಲಾಗಿ ಜೋಡಿಸಿ, ಒಂದೊಂದರಲ್ಲಿ ಒಂದೊಂದು ಬಡಿಸಿದರು. ಒಂದರಲ್ಲಿ ಮುದ್ದೆ, ಒಂದರಲ್ಲಿ ಕೋಳಿ ಸಾರು, ಒಂದರಲ್ಲಿ ಪಾಯಸ. ಅತ್ತೆ ಬಾಯಿ ಬಾಯಿ ಬಡಿದುಕೊಂಡರು. ‘ಎಲೆ ಹಾಕೇ ಪಾಪಿ, ಎಡೆ ಕಣೇ ಅದು’ ಎಂದರು. ಸರೋಜಕ್ಕ, ‘ಪಾತ್ರೆ ಮಾರ್ಕಂಡು ಕುಡಿದೋನು ಮುಚ್ಚಳದಾಗೇ ಉಣ್ಲಿ’ ಎಂದರು. ದನಿ ಏರಿಸಲಿಲ್ಲ. ಸತ್ತವರ ಮೇಲೆ ಅಷ್ಟು ಸಿಟ್ಟು ಉಳಿಸಿಕೊಳ್ಳಬಹುದು ಎಂದು ನಾನು ಅಂದುಕೊಂಡಿರಲಿಲ್ಲ.

ನೀರಿಗೆ ಅವರು ಒಂದು ಹಿತ್ತಾಳೆ ತಪ್ಪಲೆ ಇಟ್ಟರು. ಅದು ಅವರ ತಾಯಿಯದು. ಭಾವನ ಕಣ್ಣಿಗೆ ಬೀಳಬಾರದೆಂದು ಇಷ್ಟು ವರ್ಷ ತವರೂರು ಬೆಳ್ಳಾವಿಯಲ್ಲೇ ಬಚ್ಚಿಟ್ಟು, ಅವರು ಸತ್ತ ಮೇಲೆ ಧೈರ್ಯವಾಗಿ ಮನೆಗೆ ತಂದದ್ದು. ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ‘ಗಂಗಮ್ಮ’ ಎಂದು ಹೆಸರು ಹೊಡೆಸಿತ್ತು. ಅದನ್ನು ಫೋಟೋ ಮುಂದೆ ಇಟ್ಟು, ಮುಚ್ಚಳ ಮುಚ್ಚಿ, ‘ನೋಡ್ಕ, ಇದೊಂದು ಉಳಿದೈತೆ’ ಎಂದು ಗಂಡನ ಫೋಟೋಗೆ ಹೇಳಿದರು.

ಊದುಬತ್ತಿ ಹಚ್ಚಿ ಕೊನೆಗೆ ಹೊರಗೆ ಬಂದವರು ನನ್ನ ಗಂಡ. ಬಾಗಿಲು ಎಳೆದವರೂ ಅವರೇ. ಮುಚ್ಚುತ್ತಿದ್ದ ಬಾಗಿಲ ಸಂದಿಯಲ್ಲಿ ದೀಪದ ಬೆಳಕಿಗೆ ಆ ತಪ್ಪಲೆ ಹೊಳೆದದ್ದನ್ನು ನಾನು ಕಂಡೆ. ಕಂಡೆ ಎಂದೇ ಈಗಲೂ ಅನಿಸುತ್ತದೆ. ಹೊರಗೆ ಇನ್ನೂ ಬೆಳಕಿತ್ತು. ಜಗಲಿಯ ಮೇಲೆ ಕೂತ ಸ್ವಲ್ಪ ಹೊತ್ತಿಗೆ ಅತ್ತೆ, ಬೀಡಿ ಇಡುವುದನ್ನು ಮರೆತೆವಲ್ಲ ಎಂದು ಹಣೆ ಚಚ್ಚಿಕೊಂಡರು. ಇವರು ಅಂಗಡಿಗೆಂದು ಎದ್ದು ಹೋದರು.

ಆಮೇಲೆ ಒಳಗಿನಿಂದ ಸದ್ದು ಬಂತು. ಹಿತ್ತಾಳೆ ಮುಚ್ಚಳವನ್ನು ಗಾರೆ ನೆಲದ ಮೇಲೆ ಇಟ್ಟರೆ ಅದು ಎರಡು ಸುತ್ತು ಅಲ್ಲಾಡಿ ನಿಲ್ಲುತ್ತದಲ್ಲ, ಆ ಸದ್ದು. ನಾವು ಮೂವರೂ ಕೇಳಿದೆವು. ಅತ್ತೆಯ ಮುಖ ಅರಳಿಹೋಯಿತು. ‘ಬಂದವ್ನೆ, ನನ್ ಮಗ ಬಂದವ್ನೆ’ ಎಂದು ನನ್ನ ಕೈ ಹಿಡಿದುಕೊಂಡರು. ಸರೋಜಕ್ಕ ‘ಇಲಿ’ ಎಂದರು. ನಾನೂ ಇಲಿಯೇ ಎಂದುಕೊಂಡೆ. ಇವರು ಬೀಡಿ ಕಟ್ಟು ಹಿಡಿದು ಬಂದಾಗ ಕತ್ತಲಾಗುತ್ತಿತ್ತು. ಅಂಗಡಿ ಇರುವುದು ಬೀದಿ ತುದಿಯಲ್ಲಿ. ಹಬ್ಬದ ರಶ್ಶು ಎಂದರು.

ಅತ್ತೆ ಕೆಮ್ಮಿ ಬಾಗಿಲು ತೆಗೆದರು. ದೀಪ ಉರಿಯುತ್ತಿತ್ತು. ಮುದ್ದೆ ಹಾಗೇ ಇತ್ತು, ಸಾರಿನ ಮೇಲೆ ಕೆನೆಗಟ್ಟಿತ್ತು. ಪ್ಯಾಕೆಟ್ ಒಡೆದಿರಲಿಲ್ಲ, ಸಿರಪ್ಪಿನ ಸೀಲು ಮುರಿದಿರಲಿಲ್ಲ. ತಪ್ಪಲೆ ಮಾತ್ರ ಇರಲಿಲ್ಲ. ಅದರ ಮುಚ್ಚಳ, ಬಡಿಸಿದ ಮುಚ್ಚಳಗಳ ಸಾಲಿನ ಕೊನೆಯಲ್ಲಿ, ಅವುಗಳ ಹಾಗೆಯೇ ಅಂಗಾತ, ಖಾಲಿಯಾಗಿ ಇತ್ತು.

ಆಮೇಲೆ ಸರೋಜಕ್ಕ ನಗಲು ಶುರು ಮಾಡಿದರು. ಆ ನಗು ಕೇಳಲಾಗದೆ ನಾನು ಅವರ ಬಾಯಿ ಮುಚ್ಚಲು ಹೋದೆ. ‘ಸತ್ರೂ ಬುಡಲಿಲ್ಲ ನೋಡು’ ಎಂದು ನಕ್ಕು ನಕ್ಕು, ಕೊನೆಗೆ ಫೋಟೋದ ಮೇಲೆ ಉಗಿದರು. ಅತ್ತೆಗೆ ಅದರ ಪರಿವೆಯೇ ಇಲ್ಲ. ಮಗ ಬಂದು ಹೋದ ಎನ್ನುವ ಖುಷಿಯಲ್ಲಿ, ತಣ್ಣಗಾದ ಸಾರನ್ನು ಆ ಮುಚ್ಚಳದಿಂದಲೇ ಪ್ರಸಾದದಂತೆ ಕುಡಿದರು.

ನಾನು ಲೈನ್‌ಮನ್ ಮಗಳು. ಮೊದಲು ಹಿಂಬಾಗಿಲು ನೋಡಿದೆ. ಚಿಲಕ ಒಳಗಿನಿಂದ ಹಾಕಿದ್ದು ಹಾಕಿದ ಹಾಗೇ ಇತ್ತು. ಕಿಟಕಿಯ ಸರಳಿನ ನಡುವೆ ಲೋಟವೂ ತೂರುವುದಿಲ್ಲ. ಹೆಂಚು ಒಂದೂ ಸರಿದಿರಲಿಲ್ಲ. ನೆಲದ ಮೇಲೆ ನೀರು ಚೆಲ್ಲಿರಲಿಲ್ಲ, ತುಂಬಿದ ತಪ್ಪಲೆ ಅದು. ಕೊನೆಗೆ ಹೊರಗೆ ಬಂದವರು ಇವರು, ನಿಜ. ಆದರೆ ಪಂಚೆಯುಟ್ಟು ಬರಿಮೈಯಲ್ಲಿ ಬಂದವರು ಅಷ್ಟು ದೊಡ್ಡ ತಪ್ಪಲೆಯನ್ನು ಎಲ್ಲಿ ಮುಚ್ಚಿಕೊಂಡು ಬರಬೇಕು? ಎಷ್ಟು ಹುಡುಕಿದರೂ ದಾರಿ ಸಿಗಲಿಲ್ಲ. ತಿರುಗಿ ನೋಡಿದರೆ ಇವರು ಇನ್ನೂ ಬೀಡಿ ಕಟ್ಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಮುಖದ ತುಂಬ ಬೆವರಿತ್ತು. ಹೆದರಿದವರಿಗೂ ಬೆವರು ಬರುತ್ತದೆ.

ಮುಂದಿನ ವಾರ ತವರಿಗೆ ಹೋಗುವ ನೆಪ ಹೇಳಿ ತುಮಕೂರಿಗೆ ಹೋದೆ. ಶಿರಾ ಗೇಟ್ ಹತ್ತಿರದ ಆ ಹಳೇ ಹಿತ್ತಾಳೆ ಅಂಗಡಿಯ ಖಲೀಲ್ ಸಾಬರನ್ನು ಸರೋಜಕ್ಕನ ಜೊತೆ ಹಿಂದೊಮ್ಮೆ ನೋಡಿದ್ದೆ. ವಯಸ್ಸಾದವರು, ಕಣ್ಣಿಗೆ ಪೊರೆ ಬರುತ್ತಿತ್ತು, ಮಾತು ಮೆದು. ರಾಶಿ ಹಾಕಿದ್ದ ಪಾತ್ರೆಗಳ ಮೇಲೆಯೇ ಆ ತಪ್ಪಲೆ ಕೂತಿತ್ತು. ಕಂಠದ ಮೇಲೆ ಗಂಗಮ್ಮ ಎಂದಿತ್ತು. ಇದನ್ನು ಯಾರು ತಂದರು ಎಂದು ಕೇಳಿದೆ.

‘ನಿಮ್ಮ ಭಾವನೇ ತಂದ್ರಲ್ಲಮ್ಮ, ನಂಜುಂಡಪ್ಪ. ಹಬ್ಬದ ಮಾರ್ನೆ ದಿನ. ಬಾಳಾ ದಿನ ಆಗಿತ್ತು ಬಂದು’ ಎಂದರು ಸಾಬರು. ‘ಒಳಗೆ ಬನ್ನಿ ಅಂದೆ, ಬರ್ಲಿಲ್ಲ. ತಲೆ ಮೇಲೆ ಟವಲ್ ಹಾಕ್ಕಂಡು ಬಿಸಿಲಾಗೇ ನಿಂತಿದ್ರು. ಮುಚ್ಚಳ ಎಲ್ಲಪ್ಪಾ ಅಂದ್ರೆ, ಮನೇಲೈತೆ, ಪಾತ್ರೆ ವಾಪಸ್ ಒಯ್ಬೇಕಲ್ಲ ಅಂದ್ರು. ಯಾವಾಗ್ಲೂ ಹೇಳೋ ಮಾತೇ. ಆಮೇಲೆ ಹಂಗೇ ಕಾಲು ಎಳ್ಕಂಡು ಹೋದ್ರು.’

ಭಾವ ಬೇಸಿಗೆಯಲ್ಲೇ ಹೋದರು ಎಂದೆ. ಅವರಿಗೆ ಅರ್ಥವಾಗಲಿಲ್ಲ. ಎಲ್ಲಿಗೆ ಎಂದು ಕೇಳಿದರು. ತೀರಿಕೊಂಡರು ಎಂದ ಮೇಲೆ ಸಾಬರು ಎರಡೂ ಕೆನ್ನೆ ಮುಟ್ಟಿಕೊಂಡು ತೌಬಾ ತೌಬಾ ಎಂದರು. ಆ ತಪ್ಪಲೆಯನ್ನು ಕೈಯಿಂದ ಮುಟ್ಟದೆ, ಒಂದು ಗೋಣಿತಾಟಿನಲ್ಲಿ ಹಿಡಿದು ನನ್ನ ಮುಂದೆ ಇಟ್ಟರು. ‘ತಗಂಡೋಗಮ್ಮ, ನಂಗೇನೂ ಬೇಡ’ ಎಂದರು. ಹೊರಡುವಾಗ ಮೆಲ್ಲಗೆ ಕರೆದು, ‘ನನ್ನ ಕಣ್ಣು ಸರಿಯಿಲ್ಲ ಕಣಮ್ಮ. ಅವ್ರಿಗೆ ತಮ್ಮ ಒಬ್ರಿದಾರಲ್ವ?’ ಎಂದು ಕೇಳಿದರು. ನಾನು ಕೇಳಿಸದವಳ ಹಾಗೆ ನಡೆದುಬಿಟ್ಟೆ.

ಗುಬ್ಬಿ ರೈಲಿನಲ್ಲಿ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಣ್ಣ ತಮ್ಮ ಇಬ್ಬರೂ ಒಂದೇ ಎತ್ತರ, ಒಂದೇ ದನಿ. ಟವಲ್ ಹಾಕಿಕೊಂಡರೆ ಹೆತ್ತವಳೂ ತಡವರಿಸಬೇಕು. ಹಬ್ಬದ ಮಾರನೆಯ ದಿನ ಇವರು ಎಂದಿನಂತೆ ತುಮಕೂರಿಗೆ ಹೋಗಿದ್ದರು. ಆದರೆ ಇವರ ಕಾಲು ನೆಟ್ಟಗಿದೆ. ಸತ್ತ ಅಣ್ಣನ ಹಾಗೆ ಕಾಲೆಳೆದುಕೊಂಡು ಹೋಗಿ, ಅವನ ಮಾತನ್ನೇ ಆಡಿ ಪಾತ್ರೆ ಮಾರುವ ಮನುಷ್ಯನ ಪಕ್ಕದಲ್ಲಿ ನಾನು ದಿನಾ ಮಲಗುತ್ತಿದ್ದೇನೆಯೇ? ಅದನ್ನು ಯೋಚಿಸಿದರೆ ದೆವ್ವವೇ ಎಷ್ಟೋ ವಾಸಿ ಎನಿಸಿತು. ಅಲ್ಲಿಯವರೆಗೆ ಯಾವ ದೇವರಿಗೂ ಏನನ್ನೂ ಬೇಡದಿದ್ದ ನಾನು, ಅದು ದೆವ್ವವೇ ಆಗಿರಲಿ ಎಂದು ಆ ರೈಲಿನಲ್ಲಿ ಕಣ್ಣು ಮುಚ್ಚಿ ಬೇಡಿಕೊಂಡೆ.

ಮನೆಗೆ ಬಂದು ಅತ್ತೆಗೂ ಸರೋಜಕ್ಕನಿಗೂ ಅಂಗಡಿಯಲ್ಲಿ ನಡೆದದ್ದನ್ನು ಸಾಬರು ಹೇಳಿದ ಹಾಗೆಯೇ ಹೇಳಿದೆ, ಅವರ ಕೊನೆಯ ಪ್ರಶ್ನೆಯೊಂದನ್ನು ಬಿಟ್ಟು. ಅತ್ತೆ ಕೈಮುಗಿದರು. ಸರೋಜಕ್ಕ ತಪ್ಪಲೆಯನ್ನು ಎದೆಗೊತ್ತಿಕೊಂಡು, ಗಂಡ ಸತ್ತ ದಿನವೂ ಅಳದವರು, ಅವತ್ತು ಸೋತು ಅತ್ತರು. ಮಾರನೆಯ ಬೆಳಿಗ್ಗೆಯೇ ಅದನ್ನು ಬೆಳ್ಳಾವಿಗೆ ಒಯ್ದರು, ತಾವೂ ಅಲ್ಲೇ ಉಳಿದರು. ಮತ್ತೆ ಗುಬ್ಬಿಗೆ ಬರಲಿಲ್ಲ.

ನಾನು ತಪ್ಪಲೆ ತಂದ ದಿನವೇ ಸಂಜೆ ಇವರು ಕೆಲಸದಿಂದ ಬಂದಾಗ ಅದು ಇನ್ನೂ ನಡುಮನೆಯಲ್ಲೇ ಇತ್ತು. ನಾನು ಏನೂ ಹೇಳದೆ ಅವರ ಮುಖ ನೋಡುತ್ತಾ ನಿಂತೆ. ಅವರು ಚಪ್ಪಲಿ ಬಿಟ್ಟು ಒಳಗೆ ಬಂದರು, ತಪ್ಪಲೆ ನೋಡಿದರು. ಆಮೇಲೆ ಅಡುಗೆಮನೆಗೆ ಹೋಗಿ ಗೂಡಿನಿಂದ ಅದರ ಮುಚ್ಚಳವನ್ನು ತಂದು, ಸದ್ದಾಗದ ಹಾಗೆ ಅದರ ಮೇಲೆ ಮುಚ್ಚಿದರು. ಕೈಕಾಲು ತೊಳೆದು ಊಟಕ್ಕೆ ಕೂತರು.

ಈಗ ಎಷ್ಟೋ ವರ್ಷವಾಗಿದೆ. ಅತ್ತೆ ಇಲ್ಲ. ನಾವಿಬ್ಬರೇ ಇದ್ದೇವೆ. ಇವರ ಜೇಬಿನಲ್ಲಿ ಇಂದಿಗೂ ನನಗೆ ಏನೂ ಸಿಕ್ಕಿಲ್ಲ. ಪ್ರತಿ ವರ್ಷ ಹಬ್ಬಕ್ಕೆ ನಾನೇ ಭಾವನಿಗೆ ಎಡೆ ಇಡುತ್ತೇನೆ, ಎಲೆಯಲ್ಲಿ. ದೆವ್ವ ಗಿವ್ವ ಎಲ್ಲ ಸುಳ್ಳು ಎಂದು ಯಾರಾದರೂ ನನ್ನ ಮುಂದೆ ಹೇಳಿದರೆ ಜಗಳಕ್ಕೇ ನಿಲ್ಲುತ್ತೇನೆ. ನಮ್ಮಪ್ಪ ಬದುಕಿದ್ದರೆ ಅವರ ಜೊತೆಗೂ ನಿಲ್ಲುತ್ತಿದ್ದೆ. ಆದರೆ ಇವರು ರಾತ್ರಿ ಕೆಮ್ಮಿದಾಗ ನನಗೆ ಎಚ್ಚರವಾಗಿಬಿಡುತ್ತದೆ. ಆಮೇಲೆ ನಿದ್ದೆ ಬರುವುದಿಲ್ಲ. ಆ ತಪ್ಪಲೆ ಎಲ್ಲಿ ಸಿಕ್ಕಿತು ಎಂದು ಇವರು ಅವತ್ತು ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ.